ದೊಡ್ಡಿ ಮುಚ್ಚಿದವರು

ಚಂಡೀಗಢ
4 ಸೆಪ್ಟೆಂಬರ್ 2004

ಅಜ್ಜ ಮೇಮೆ-ಲೇ ಅವರಿಗೆ ಮೊಮ್ಮಗಳು ಸ್ಪಲ್ಜೆಸ್ ಮಾಡುವ ಜುಲೇ.

ಸುಖವಾಗಿ ತಲುಪಿದೆ. ಲೇಹ್‌ನಿಂದ ಮನಾಲಿಗೆ ಎರಡು ದಿನ, ಅಲ್ಲಿಂದ ಇಲ್ಲಿಗೆ ಇನ್ನೊಂದು ದಿನ. ಮೂರು ಕಣಿವೆಗಳಲ್ಲಿ ಮೂರು ಸಲ ವಾಂತಿಯಾದದ್ದನ್ನು ಬಿಟ್ಟರೆ ತೊಂದರೆಯಾಗಲಿಲ್ಲ. ನೀವು ಕಟ್ಟಿಕೊಟ್ಟ ಒಣ ಛುರ್ಪೆ ಗಿಣ್ಣನ್ನು ನೋಡಿ ನನ್ನ ರೂಮ್‌ಮೇಟ್ ಹರ್ಲೀನ್ ಸೀಮೆಸುಣ್ಣ ಎಂದುಕೊಂಡಳು. ಒಂದು ತುಂಡು ಕೊಟ್ಟೆ. ಅರ್ಧ ಗಂಟೆ ಚೀಪಿ, 'ಇದು ಯಾವಾಗ ಮುಗಿಯುತ್ತೆ?' ಎಂದು ಕೇಳಿದಳು.

ಇಲ್ಲಿ ಎಲ್ಲದಕ್ಕೂ ಹೆದರಿಕೆ. ಹಾಜರಿ ಕರೆಯುವಾಗ ನನ್ನ ಹೆಸರು ಬರುವ ಮುಂಚೆ 'ಪ್ರೆಸೆಂಟ್ ಮ್ಯಾಮ್' ಎಂದು ಬಾಯೊಳಗೇ ನಾಲ್ಕು ಸಲ ಹೇಳಿಕೊಳ್ಳುತ್ತೇನೆ; ಹೆಸರು ಬಂದಾಗ ದನಿಯೇ ಹೊರಡುವುದಿಲ್ಲ. ಹತ್ತು ವರ್ಷ ಲೇಹ್‌ನ ಹಾಸ್ಟೆಲಿನಲ್ಲಿ ಇಂಗ್ಲಿಷ್ ಕಲಿತೆ. ಅಲ್ಲಿ ಅದು ಇಂಗ್ಲಿಷ್ ಆಗಿತ್ತು, ಇಲ್ಲಿ ಅಲ್ಲವಂತೆ. ನಮ್ಮ ಮಾತೂ ಅರ್ಧ, ಅವರ ಮಾತೂ ಅರ್ಧ. ಈ ಪತ್ರದಲ್ಲಿ ಎಷ್ಟು ತಪ್ಪಿದೆಯೋ!

ಯಂಗ್ಚನ್ ಅಕ್ಕ, ಅಚೆ-ಲೇ, ನೀವೇ ಇದನ್ನು ಓದಿ ಹೇಳುತ್ತಿರುತ್ತೀರಿ. ಶಾಲೆಯಲ್ಲಿ ಪಾಠ ಮುಗಿಸಿ ಬಂದವರು ನಮ್ಮ ಅಡುಗೆಮನೆಯಲ್ಲಿ ಕೂತಿದ್ದೀರಿ, ಸುತ್ತ ಅರ್ಧ ಊರು ಕೂತಿದೆ, ಕಾಗದ ಬಂದರೆ ಎಲ್ಲರಿಗೂ ಬಂದ ಹಾಗೆ. ಆದ್ದರಿಂದ ಎಲ್ಲರಿಗೂ ಜುಲೇ. ನಿಮ್ಮ ಅಮ್ಮ ಛೋರೋಲ್ ಅವರಿಗೆ ಬೇರೆಯಾಗಿ ಜುಲೇ ಹೇಳಿ. ಹಿಮಚಿರತೆ ದೊಡ್ಡಿಗಿಳಿದು ಕೊಂದ ಹತ್ತೊಂಬತ್ತು ಕುರಿ ಮೇಕೆಗಳಲ್ಲಿ ಏಳು ಅವರವೇ ಎಂಬುದು ನನ್ನ ಮನಸ್ಸಿನಿಂದ ಹೋಗುತ್ತಿಲ್ಲ.

ಮೇಮೆ-ಲೇ, ಆ ಬೆಳಿಗ್ಗೆ ಇಡೀ ಶಾಲುಂಗ್ ಊರಿನ ಮುಂದೆ ನೀವು ಆಡಿದ ಮಾತನ್ನು ನಾನು ಮರೆಯುವುದಿಲ್ಲ. ನಿಮಗೆ ಅರ್ಥವಾಗುತ್ತದೆ. ಇದಕ್ಕಿಂತ ಹೆಚ್ಚು ಬರೆಯಲಾರೆ.

ನಿಮ್ಮ
ಸ್ಪಲ್ಜೆಸ್


ಚಂಡೀಗಢ
5 ಸೆಪ್ಟೆಂಬರ್ 2004
(ಕಳಿಸಲಿಲ್ಲ. ಭೂಗೋಳದ ನೋಟ್ಸಿನ ನಡುವೆ ಇಟ್ಟಿದ್ದೇನೆ.)

ಮೇಮೆ-ಲೇ,

ನಿನ್ನೆಯ ಕಾಗದದಲ್ಲಿ ಬರೆಯಲಾಗದ್ದನ್ನು ಇಲ್ಲಿ ಬರೆದು ನೋಡುತ್ತೇನೆ.

ಆಗಸ್ಟ್ ಕೊನೆಯಲ್ಲಿ ನಮ್ಮ ಮನೆಯ ಸರದಿ. ಹನ್ನೊಂದು ಮನೆಗಳ ಕುರಿ ಮೇಕೆಗಳನ್ನು ಮೇಲಿನ ಹುಲ್ಲುಗಾವಲಿನಲ್ಲಿ ಎರಡು ದಿನ ಮೇಯಿಸಿ, ಎರಡು ಸಂಜೆ ದೊಡ್ಡಿಗೆ ಸೇರಿಸುವುದು ನಿಮ್ಮ ಪಾಲು. ನಾನು ಸುಮ್ಮನೆ ಜೊತೆಗೆ ಬಂದವಳು. ಮೊದಲ ಸಂಜೆ ದೊಡ್ಡಿ ಮುಚ್ಚಿದ್ದು ನೀವು. ಎರಡನೆಯ ಸಂಜೆ ನಿಮ್ಮ ಮಂಡಿ ನೋಯುತ್ತಿತ್ತು. 'ಕೂಸೇ, ಇವತ್ತು ನೀನು ಮುಚ್ಚಿ ಬಾ' ಎಂದಿರಿ.

ಮಾಡಿನ ಬೆಳಕಿಂಡಿಯ ಮೇಲೆ ಮುಳ್ಳಿನ ಹೊರೆ ಇಟ್ಟೆ. ಅದರ ಮೇಲೆ ಚಪ್ಪಡಿ ಎಳೆಯಬೇಕಿತ್ತು. ಎಳೆದೆ, ಬರಲಿಲ್ಲ. ನಮ್ಮೂರ ಹತ್ತು ವರ್ಷದ ಹುಡುಗಿಯರು ಅದನ್ನು ಮಂಡಿಯಿಂದ ಒತ್ತಿ ಜಾರಿಸುತ್ತಾರೆ. ನನಗೆ ಆ ಪಟ್ಟು ಗೊತ್ತಿಲ್ಲ. ನಿಮ್ಮನ್ನು ಕರೆಯಬಹುದಿತ್ತು. ಆದರೆ ಹಿಂದಿನ ದಿನ ಬೆಳಿಗ್ಗೆ, ಮೇಕೆ ಬಿಡಲು ಬಂದಿದ್ದ ಛೋರೋಲ್ ಎಲ್ಲರೆದುರು ನಕ್ಕಿದ್ದರು: 'ಹಾಸ್ಟೆಲ್ ಮೇಡಂ ಬಂದವ್ರೆ, ದಾರಿ ಬಿಡ್ರೋ! ಪುಸ್ತಕ ಎತ್ತೋ ಕೈ ಕಲ್ಲು ಎತ್ತತ್ತಾ?' ಆ ನಗು ಇನ್ನೂ ಕಿವಿಯಲ್ಲಿತ್ತು. ಚಪ್ಪಡಿಯನ್ನು ಅಲ್ಲೇ ಬಿಟ್ಟು ದೊಡ್ಡಿ ಪಕ್ಕದ ಗುಡಿಸಲಿಗೆ ಬಂದೆ.

'ಮುಚ್ಚಿದೆಯಾ?'

'ಮುಚ್ಚಿದೆ.'

ನೀವು ಬೆಣ್ಣೆ ಹಾಕಿ ಕಡೆದ ಗುರ್‌ಗುರ್ ಚಹಾ ಬಗ್ಗಿಸಿ ಕೊಟ್ಟಿರಿ. ಅಷ್ಟೇ. ಮುಚ್ಚಿದೆ ಎಂದು ಬಾಯಿಬಿಟ್ಟು ಹೇಳಿದ ಮೇಲೆ ಇನ್ನೊಬ್ಬರು ಎದ್ದು ಹೋಗಿ ನೋಡುವಂತಿಲ್ಲ. ನೋಡಿದರೆ ಸುಳ್ಳುಗಾರ ಎಂದು ಕರೆದ ಹಾಗೆ. ನಮ್ಮೂರಲ್ಲಿ ಹೆಂಡತಿ ಮುಚ್ಚಿದ್ದನ್ನು ಗಂಡನೂ ಹೋಗಿ ನೋಡುವುದಿಲ್ಲ.

ಬೆಳಿಗ್ಗೆ ಮುಳ್ಳಿನ ಹೊರೆ ಕೆಳಗೆ ಬಿದ್ದಿತ್ತು. ಒಳಗೆ ಹತ್ತೊಂಬತ್ತು ಸತ್ತಿದ್ದವು, ಉಳಿದವು ಒಂದರ ಮೇಲೊಂದು ಒತ್ತಿಕೊಂಡಿದ್ದವು, ಮೂಲೆಯಲ್ಲಿ ಅದು ಕೂತಿತ್ತು. ಹೊಟ್ಟೆ ಭಾರವಾಗಿ ಮೇಲೆ ಜಿಗಿಯಲಾಗದೆ, ಬಾಲವನ್ನು ಕಾಲಿಗೆ ಸುತ್ತಿಕೊಂಡು, ಬೈಸಿಕೊಂಡ ಬೆಕ್ಕಿನ ಹಾಗೆ. ಊರವರು ಕಲ್ಲು ಹಿಡಿದು ಬಂದರು. ನೀವು ಬಾಗಿಲಿಗೆ ಅಡ್ಡ ನಿಂತಿರಿ: 'ಬಾಗಿಲು ತೆಗೀರಿ, ಹೋಗ್ಲಿ ಅದು. ಹಸಿದು ಬಂದಿದ್ದರ ತಪ್ಪೇನಿದೆ? ಮುಚ್ಚಿದವನನ್ನ ಕೇಳಿ. ಮುಚ್ಚಿದ್ದು ನಾನು. ಹೊಡೆಯೋದಾದ್ರೆ ನನಗೆ ಹೊಡೀರಿ.'

ಕಲ್ಲುಗಳು ಕೆಳಗಿಳಿದವು. ಅದು ನಮ್ಮೆಲ್ಲರ ನಡುವೆಯೇ, ಯಾರ ಮುಖವನ್ನೂ ನೋಡದೆ ನಡೆದು ಹೋಯಿತು. ನಾನೂ ಯಾರ ಮುಖವನ್ನೂ ನೋಡಲಿಲ್ಲ. ಮರುದಿನ ನನಗೆ ಬಸ್ಸು.

ನನ್ನನ್ನು ಉಳಿಸಲು ನೀವು ಸುಳ್ಳು ಹೇಳಿದಿರಿ. ನಾನು ಹೇಳಿಸಿಕೊಂಡೆ. ಇದನ್ನು ಕಳಿಸಿದರೆ ಓದುವವಳು ಛೋರೋಲ್ ಅವರ ಮಗಳು.


ಶಾಲುಂಗ್
29 ಸೆಪ್ಟೆಂಬರ್ 2004

ಸ್ಪಲ್ಜೆಸ್ ಕೂಸೇ,

ನಾನು ಹೇಳ್ತೀನಿ, ಯಂಗ್ಚನ್ ಬರೀತಾಳೆ. ಹೇಳಿದ್ದನ್ನ ಹೇಳಿದ ಹಾಗೇ ಬರಿ ಅಂದಿದೀನಿ. ಹೋದ ಸಲ ನನ್ನ ಮಾತನ್ನೆಲ್ಲ ಕಚೇರಿ ಅರ್ಜಿ ಮಾಡಿಬಿಟ್ಟಿದ್ಲು.

ನಿನ್ನ ಕಾಗದ ಬಂತು. ಸೀಮೆಸುಣ್ಣದ ಕಥೆ ಕೇಳಿ ಎಲ್ಲಾ ನಕ್ರು. ಆ ಹುಡುಗಿಗೆ ಹೇಳು, ಅಗೀಬಾರ್ದು, ಕೆನ್ನೇಲಿ ಇಟ್ಕೊಂಡು ಬೇರೆ ಕೆಲಸ ನೋಡ್ಬೇಕು.

ಬಾರ್ಲಿ ಕೊಯ್ದಾಯ್ತು. ಕೊನೇ ಎರಡು ಸಾಲನ್ನ ಕಾಡಿನ ನೀಲಿ ಕುರಿಗಳು ಇಳಿದು ಮೇಯ್ಕೊಂಡು ಹೋದ್ವು. ಅವು ಇಳಿದ್ರೆ ಹಿಂದೆ ಶನ್ ಇಳೀಲೇಬೇಕು. ಹಳ್ಳದ ಮರಳಲ್ಲಿ ಹೆಜ್ಜೆ ನೋಡಿದೆ. ಆವತ್ತಿನ ಚಿರತೇನೇನಾ ಬೇರೇದಾ ಗೊತ್ತಾಗ್ಲಿಲ್ಲ. ದೊಡ್ಡಿ ಮಾಡಿಗೆ ಹಾಕಕ್ಕೆ ತಂತಿ ಬಲೆ ಕೊಡ್ತಾರಂತೆ, ಮುಂದಿನ ಬೇಸಿಗೇಲಿ. ನಮ್ಮ ಗೋಬಾ ಏನಂತಾನೆ, 'ಬಲೆ ಬರೋ ಹೊತ್ಗೆ ಒಳಗೆ ಮೇಕೆ ಇರ್ಬೇಕಲ್ಲ ಮೇಮೆ-ಲೇ!' ಊರ ಯಜಮಾನಿಕೆ ಸಿಕ್ಕಿದ ಮೇಲೆ ಅವನ ನಾಲಿಗೆ ಉದ್ದ ಆಗಿದೆ.

ಒಂದು ಕೇಳ್ಬೇಕಿತ್ತು. ಆ ಸಂಜೆ ನಾನು ದೊಡ್ಡಿ ಮುಚ್ಚಿ ಗುಡಿಸಲೊಳಗೆ ಬಂದಾಗ ನನ್ನ ಕೈ ಹೇಗಿತ್ತು? ಅಂಗಿ ತೋಳಿಗೆ ಮುಳ್ಳು ಅಂಟಿತ್ತಾ? ಚಹಾ ಬಗ್ಗಿಸಿದ್ದು ಜ್ಞಾಪಕ ಇದೆ. ಅದಕ್ಕೆ ಮುಂಚಿಂದು ಸರಿಯಾಗಿ ಸಿಗ್ತಾ ಇಲ್ಲ. ಅಲ್ಲಿದ್ದವಳು ನೀನೊಬ್ಳೇ. ಜ್ಞಾಪಕ ಮಾಡ್ಕೊಂಡು ಬರಿ.

ಹೊಟ್ಟೆಗೆ ಸರಿಯಾಗಿ ತಿನ್ನು.

ಮೇಮೆ


ಚಂಡೀಗಢ
17 ಅಕ್ಟೋಬರ್ 2004

ಪ್ರೀತಿಯ ಮೇಮೆ-ಲೇ,

ನಿಮ್ಮ ಕಾಗದವನ್ನು ಆರು ಸಲ ಓದಿದೆ. ನಿಮ್ಮ ಪ್ರಶ್ನೆ ನನಗೆ ಚೆನ್ನಾಗಿ ಅರ್ಥವಾಯಿತು. ಅಲ್ಲಿ ಕೂತವರೂ ಕೇಳಿಸಿಕೊಳ್ಳಲಿ: ಆ ಸಂಜೆ ನೀವೇ ಹೋಗಿ ದೊಡ್ಡಿ ಮುಚ್ಚಿ ಬಂದಿರಿ. ಬಲಗೈ ತೋಳಿಗೆ ಮುಳ್ಳಿನ ಒಂದು ಕಡ್ಡಿ ಅಂಟಿಕೊಂಡಿತ್ತು, ನಾನೇ ಕಿತ್ತು ಒಲೆಗೆ ಹಾಕಿದೆ. ನೀವು 'ಮುಚ್ಚಿದೆ' ಎಂದಿರಿ. ಗಾಳಿ ಜೋರಾಗಿತ್ತು, ಚಪ್ಪಡಿ ಸ್ವಲ್ಪ ಜಾರಿರಬಹುದು. ಯಾರಿಗಾದರೂ ಆಗುವಂಥದ್ದೇ.

ಇಲ್ಲಿ ಒಂದು ದೊಡ್ಡ ಸಂಗತಿ ನಡೆಯಿತು. ಭೂಗೋಳದ ಮೇಡಂ ಒಬ್ಬೊಬ್ಬರನ್ನೂ ತಮ್ಮ ತಮ್ಮ ಸೀಮೆಯ ಬಗ್ಗೆ ಹತ್ತು ನಿಮಿಷ ಮಾತಾಡಿ ಎಂದರು: ನೆಲ, ಬದುಕು, ಕಾಡುಪ್ರಾಣಿ. ನನ್ನ ಸರದಿ ಬಂತು. ಎದ್ದು ನಿಂತೆ. ಮೊದಲು ಮಳೆ ಬೀಳದ ಊರು ಎಂದೆ, ನಂಬಲಿಲ್ಲ. ಹಿಮ ಕರಗಿದ ನೀರನ್ನು ಗಳಿಗೆ ಲೆಕ್ಕದಲ್ಲಿ ಹೊಲ ಹೊಲಕ್ಕೂ ತಿರುಗಿಸುವುದನ್ನು ಹೇಳಿದೆ. ಮೇಕೆಯ ಹೊಟ್ಟೆಯಡಿಯ ಉಣ್ಣೆಯನ್ನು ಬಾಚಿ ತೆಗೆಯುವುದನ್ನು ಹೇಳಿದೆ. ಹರ್ಲೀನ್ ತನ್ನ ಶಾಲನ್ನು ಮುಟ್ಟಿ ನೋಡಿಕೊಂಡಳು. ಆಮೇಲೆ ದೊಡ್ಡಿ ಮುಚ್ಚುವ ಕ್ರಮ. ಮುಳ್ಳು, ಚಪ್ಪಡಿ, 'ಮುಚ್ಚಿದೆ' ಎಂಬ ಮಾತು, ಆ ಮಾತಿನ ಮೇಲೆ ಯಾರೂ ಎದ್ದು ಹೋಗಿ ನೋಡದಿರುವುದು. ಮೇಡಂ, 'ಎಂಥ ನಂಬಿಕೆ ನೋಡಿ ಇವರದು' ಎಂದರು. ಒಬ್ಬ ಹುಡುಗ, 'ನೀನು ಹಿಮಚಿರತೆ ನೋಡಿದ್ದೀಯಾ?' ಎಂದ. 'ನಾಲ್ಕು ಹೆಜ್ಜೆ ದೂರದಲ್ಲಿ' ಎಂದೆ. ಚಪ್ಪಾಳೆ ಹೊಡೆದರು.

ಕೂತ ಮೇಲೆ ನೋಟ್ಸನ್ನು ತಲೆಕೆಳಗಾಗಿ ಹಿಡಿದು ನೋಡುತ್ತಿದ್ದೆ. ಸ್ಟೇಜ್ ಫಿಯರ್ ಎಂದಳು ಹರ್ಲೀನ್. ಹೌದೆಂದೆ.

ಚಳಿ ಶುರುವಾಗಿರಬೇಕು. ಮಂಡಿಗೆ ಬಿಸಿ ಉಪ್ಪಿನ ಗಂಟು ಇಡಿಸಿಕೊಳ್ಳಿ.

ನಿಮ್ಮ
ಸ್ಪಲ್ಜೆಸ್


ಶಾಲುಂಗ್
7 ನವೆಂಬರ್ 2004

ಕೂಸೇ,

ಕಾಗದ ಬಂತು. ಒಳ್ಳೇದಾಯ್ತು ಬರೆದಿದ್ದು. ಎರಡು ತಿಂಗಳಿಂದ ತಲೇಲಿ ಕಲ್ಲು ಉರುಳಾಡಿದ ಹಾಗೆ ಆಗ್ತಿತ್ತು. ಒಂದು ಸಲ ನಾನೇ ಮುಚ್ಚಿದೆ ಅನ್ಸೋದು, ಇನ್ನೊಂದು ಸಲ ಒಲೆ ಬಿಟ್ಟು ಎದ್ದೇ ಇಲ್ಲ ಅನ್ಸೋದು. ಮುಳ್ಳಿಂದು ನೀನು ಹೇಳಿದ ಮೇಲೆ ನಿಶ್ಚಯ ಆಯ್ತು. ನಾನೇ. ಐವತ್ತು ವರ್ಷ ದೊಡ್ಡಿ ಮುಚ್ಚಿದ ಕೈ, ಒಂದು ದಿನ ಕಲ್ಲು ಸರಿಯಾಗಿ ಕೂತಿದೆಯಾ ಅಂತ ನೋಡ್ಲಿಲ್ಲ. ವಯಸ್ಸಾಯ್ತು, ಒಪ್ಕೋಬೇಕು.

ತರಗತೀಲಿ ಮಾತಾಡಿದ್ದು ಕೇಳಿ ಹೆಮ್ಮೆ ಆಯ್ತು. ಗೋಬಾ, 'ನಮ್ಮ ದೊಡ್ಡಿ ಚಂಡೀಗಢದ ತನಕ ಹೋಯ್ತು' ಅಂದ. ಮಾರ್ಕ್ಸ್ ಎಷ್ಟು ಬಂತು?

ಈ ವರ್ಷ ಹಿಮ ಬೇಗ ಬೀಳೋ ಹಾಗಿದೆ. ತೋಳಗಳು ಕೆಳಗಿನ ಸೇತುವೆ ತನಕ ಬಂದಿವೆ. ನಾನು ಚೆನ್ನಾಗಿದೀನಿ. ಒಲೆ ಹೊತ್ತಿಸೋದನ್ನ ಪಕ್ಕದ ಮನೆಯವರಿಗೆ ಬಿಟ್ಟಿದೀನಿ, ನನ್ನ ಮೇಲೆ ನನಗೆ ನೆಚ್ಚಿಗೆ ಇಲ್ಲ, ಮನೆ ಸುಟ್ಟಾಕ್ಬಾರ್ದಲ್ಲ.

ಮೇಮೆ

ಸ್ಪಲ್ಜೆಸ್, ಇದು ಯಂಗ್ಚನ್ ಬರೆಯುತ್ತಿರುವುದು. ಮೇಮೆ ಚಹಾ ತರಲು ಒಳಗೆ ಹೋಗಿದ್ದಾರೆ, ಬೇಗ ಮುಗಿಸುತ್ತೇನೆ. ಅವರು ಚೆನ್ನಾಗಿಲ್ಲ. ಮೊದಮೊದಲು ಆ ಸಂಜೆಯ ಬಗ್ಗೆ ಗೊಂದಲವಿತ್ತು, ಅಷ್ಟೇ. ನಿನ್ನ ಕಾಗದ ಬಂದ ದಿನದಿಂದ ಬೇರೆಯೇ ಮನುಷ್ಯರಾಗಿದ್ದಾರೆ. ಬಾಗಿಲ ಚಿಲಕವನ್ನು ಹಾಕಿ, ನಾಲ್ಕು ಹೆಜ್ಜೆ ಹೋಗಿ, ವಾಪಸ್ ಬಂದು ಮುಟ್ಟಿ ನೋಡುತ್ತಾರೆ. ಮತ್ತೆ ಬರುತ್ತಾರೆ. ಬೆರಳಿಗೆ ನೂಲು ಕಟ್ಟಿಕೊಳ್ಳುತ್ತಾರೆ, ಯಾಕೆ ಕಟ್ಟಿದೆ ಎಂದು ನನ್ನನ್ನೇ ಕೇಳುತ್ತಾರೆ. ತಾವಾಗಿಯೇ ಗೋಬಾ ಹತ್ತಿರ ಹೋಗಿ, 'ನನ್ನ ಮನೆ ಸರದಿ ಬೇಡ, ನನ್ನ ಕೈ ಮೇಲೆ ಊರಿನ ಜೀವ ಬಿಡಬೇಡಿ' ಎಂದಿದ್ದಾರೆ. ಹೊಸವರ್ಷದ ಲೋಸರ್ ಹಬ್ಬದಂದು ದಾಳ ಹಾಕಿ ಮುಂದಿನ ವರ್ಷದ ಸರದಿ ಗೊತ್ತುಮಾಡುವಾಗ ಅವರ ಮನೆ ಬಿಟ್ಟು ಹತ್ತೇ ಮನೆ. ಸರದಿ ಇಲ್ಲದ ಮನೆಯ ಮೇಕೆಗಳನ್ನು ಯಾರು ಮೇಯಿಸುತ್ತಾರೆ? ಕಣಿವೆಯಾಚೆಯವರು ಕೊಳ್ಳಲು ಬರುತ್ತಾರಂತೆ.

ಅಮ್ಮ ಅವರ ಮೇಲೆ ಕೂಗಾಡುವುದನ್ನು ಈಗ ನಿಲ್ಲಿಸಿದ್ದಾರೆ. ಅದನ್ನು ನೋಡಿದರೆ ನನಗೆ ಇನ್ನೂ ಭಯ. ಲೋಸರ್‌ಗೆ ಐದು ವಾರವಿದೆ. ನೀನು ಧೈರ್ಯದ ನಾಲ್ಕು ಮಾತು ಬರೆ. ನಿನ್ನ ಮಾತನ್ನು ಅವರು ನಂಬುತ್ತಾರೆ.


ಚಂಡೀಗಢ
24 ನವೆಂಬರ್ 2004

ಯಂಗ್ಚನ್ ಅಚೆ-ಲೇ,

ನಿಮ್ಮ ಕಾಗದ ನಿನ್ನೆ ಕೈಸೇರಿತು. ಇದನ್ನು ಅಂಚೆಗೆ ಹಾಕುತ್ತಿಲ್ಲ. ನಮ್ಮ ಕಡೆಯ ಸಿಪಾಯಿ ಅಣ್ಣನೊಬ್ಬ ರಜೆಯ ಮೇಲೆ ವಿಮಾನದಲ್ಲಿ ಲೇಹ್‌ಗೆ ಹೋಗುತ್ತಿದ್ದಾನೆ, ಅವನ ಕೈಯಲ್ಲಿ ಕೊಡುತ್ತೇನೆ. ಲೋಸರ್‌ಗೆ ಮುಂಚೆ ತಲುಪಲಿ.

ಎಲ್ಲರೂ ಕೂತಿರುವಾಗ ಓದಿ. ಮೇಮೆಗೆ ಒಬ್ಬರಿಗೇ ಓದಿ ಎಂದು ಮೊದಲು ಬರೆದಿದ್ದೆ, ಆ ಹಾಳೆ ಹರಿದೆ. ನಿಮ್ಮ ಅಮ್ಮ ಕೂತಿದ್ದಾರೆಯೇ ಎಂದು ನೋಡಿಕೊಂಡು ಓದಿ.

ದೊಡ್ಡಿ ಮುಚ್ಚಬೇಕಾಗಿದ್ದವಳು ನಾನು. ಮೊದಲ ಸಂಜೆ ಮೇಮೆ ಮುಚ್ಚಿದರು, ಸರಿಯಾಗಿಯೇ ಮುಚ್ಚಿದರು. ಎರಡನೆಯ ಸಂಜೆ ನನಗೆ ಹೇಳಿದರು. ಚಪ್ಪಡಿ ಎಳೆಯಲು ನನಗೆ ಬರಲಿಲ್ಲ. ಬರಲಿಲ್ಲ ಎನ್ನಲು ನಾಚಿಕೆಯಾಯಿತು. 'ಮುಚ್ಚಿದೆ' ಎಂದೆ. ಮೇಮೆ ಆ ಸಂಜೆ ಒಲೆ ಬಿಟ್ಟು ಏಳಲೇ ಇಲ್ಲ.

ಮರುದಿನ ಅವರು 'ಮುಚ್ಚಿದ್ದು ನಾನು' ಎಂದಾಗ, ನನಗಾಗಿ ಸುಳ್ಳು ಹೇಳುತ್ತಿದ್ದಾರೆ ಎಂದುಕೊಂಡೆ. ತೋಳಿಗೆ ಮುಳ್ಳಿತ್ತಾ ಎಂದು ಬರೆಸಿದಾಗ, ಊರವರ ಮುಂದೆ ನನ್ನಿಂದ ಸಾಕ್ಷಿ ಹೇಳಿಸುತ್ತಿದ್ದಾರೆ ಎಂದುಕೊಂಡೆ. ನಮ್ಮಿಬ್ಬರದು ಒಂದು ಗುಟ್ಟು ಎಂದು ಖುಷಿಪಟ್ಟೆ. ಅಚೆ-ಲೇ, ಖುಷಿಪಟ್ಟೆ. ಮುಳ್ಳು ಇರಲಿಲ್ಲ. ಕಿತ್ತು ಒಲೆಗೆ ಹಾಕಿದ್ದೂ ಇಲ್ಲ. ಕಥೆ ನಂಬಿಸುವ ಹಾಗಿರಲಿ ಎಂದು ಸೇರಿಸಿದೆ. ಅವರು ನಿಜವಾಗಿಯೂ ಕೇಳುತ್ತಿದ್ದರೆಂದು ನಿಮ್ಮ ನಾಲ್ಕು ಸಾಲು ಓದುವವರೆಗೆ ನನಗೆ ಹೊಳೆಯಲಿಲ್ಲ. ಓದಿ, ಹಾಸ್ಟೆಲಿನ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಕೂತಿದ್ದೆ. ಹೊರಗೆ ಯಾರೋ ಬಕೆಟ್ಟು ಹಿಡಿದು ಬೈಯುತ್ತಿದ್ದರು. ಬೈಸಿಕೊಂಡದ್ದು ಎಷ್ಟೋ ಹಿತವಾಯಿತು.

ಛೋರೋಲ್ ಅವರೇ, ನಿಮ್ಮ ಏಳೂ ನನ್ನ ಲೆಕ್ಕಕ್ಕೆ. ನೀವು ನಗಾಡಿದ್ದಕ್ಕೆ ಹೀಗಾಯಿತು ಎಂದು ಎರಡು ತಿಂಗಳು ಮನಸ್ಸಿನಲ್ಲೇ ನಿಮ್ಮನ್ನು ಬೈದಿದ್ದೇನೆ. ಅದಕ್ಕೂ ತಪ್ಪಾಯಿತು.

ಗೋಬಾ-ಲೇ, ದಾಳ ಹಾಕುವಾಗ ನಮ್ಮ ಮನೆ ಬಿಡಬೇಡಿ. ಮೇಮೆಯ ಕೈಗೆ ಏನೂ ಆಗಿಲ್ಲ.

ಮೇಮೆ-ಲೇ, ನಿಮ್ಮ ತಲೆ ಸರಿಯಿದೆ. ಒಲೆ ಬಿಟ್ಟು ಎದ್ದೇ ಇಲ್ಲ ಅನ್ನಿಸುತ್ತಿತ್ತಲ್ಲ, ಅದೇ ನಿಜ. ನಿಮಗೆ ನೆನಪಿದ್ದದ್ದನ್ನು ನಾನು ಅಳಿಸಿದೆ. ಮಾರ್ಕ್ಸ್ ಹದಿನೇಳು ಬಂತು, ಇಪ್ಪತ್ತಕ್ಕೆ. ಕೇಳಿದ್ದಿರಿ, ಅದಕ್ಕೆ ಬರೆದೆ.

ಸ್ಪಲ್ಜೆಸ್


ಶಾಲುಂಗ್
16 ಡಿಸೆಂಬರ್ 2004

ಸ್ಪಲ್ಜೆಸ್,

ಲೋಸರ್ ಆಗಿ ಮೂರನೇ ದಿನಕ್ಕೆ ನಿನ್ನ ಕಾಗದ ಬಂತು. ಕೆಳಗೆ ಹಿಮ ಜಾರಿ ದಾರಿ ಮುಚ್ಚಿತ್ತು, ಆ ಸಿಪಾಯಿ ಎಂಟು ದಿನ ಅಲ್ಲೇ ಕೂತಿದ್ದನಂತೆ. ದಾಳ ಹಾಕಿ ಆಗಿತ್ತು. ನಮ್ಮ ಮೇಕೆಗಳನ್ನ ಕೊಂಡವರು ಅದಕ್ಕೂ ಮುಂಚೆ ಹೊಡ್ಕೊಂಡು ಹೋಗಿದ್ರು. ಹಾಲಿನವು ನಾಲ್ಕು ಉಳಿದಿವೆ. ಹೋದವು ಕಣಿವೆ ಆಚೆ ಹೋದ್ವು, ಅವು ವಾಪಸ್ ಬರಲ್ಲ. ದಾಳಾನೂ ಮತ್ತೆ ಹಾಕಲ್ಲ, ಇನ್ನು ಮುಂದಿನ ಲೋಸರ್‌ಗೇ. ಗೋಬಾ ತಲೆ ಕೆರ್ಕೊಂಡು, 'ಮೇಮೆ-ಲೇ, ನಾನೇನ್ ಮಾಡ್ಲಿ' ಅಂದ. ಏನೂ ಮಾಡ್ಬೇಡ, ಬಾರ್ಲಿ ಛಂಗ್ ಕುಡಿ ಅಂದೆ.

ಅಡುಗೆಮನೆ ತುಂಬಾ ಜನ ಇದ್ರು. ಯಂಗ್ಚನ್ ಅರ್ಧಕ್ಕೆ ನಿಲ್ಲಿಸಿ ನನ್ನ ಮುಖ ನೋಡಿದ್ಲು. ಓದು ಅಂದೆ. ಮುಗಿದ ಮೇಲೆ ಛೋರೋಲ್ ಅಂದ್ಲು, 'ನನ್ನ ಏಳು ಮೇಕೆ ತಿಂದಿದ್ದು ಶನ್ ಅಂತ ತಿಳ್ಕೊಂಡಿದ್ದೆ. ಇಂಗ್ಲಿಷು ಅಂತ ಗೊತ್ತಿರ್ಲಿಲ್ಲ.' ಅಂದವಳು ನಗಲಿಲ್ಲ. ಎದ್ದು ಹೊರಗೆ ಹೋಗಿ ತುಂಬಾ ಹೊತ್ತು ಬರ್ಲಿಲ್ಲ.

ನನಗೆ ಮೊದ್ಲು ನಗು ಬಂತು. ಬೆರಳಿನ ನೂಲು ಕಿತ್ತಾಕಿದೆ. ಎದ್ದು ಒಲೆ ನಾನೇ ಹೊತ್ತಿಸಿದೆ, ಎಲ್ರಿಗೂ ಚಹಾ ನಾನೇ ಕಡೆದೆ. ಆಮೇಲೆ ಸಿಟ್ಟು ಬಂತು.

ನಿನಗೆ ಒಂದು ಗೊತ್ತಿರ್ಲಿ. ಆವತ್ತು ನಾನು ನಿನ್ನನ್ನ ಉಳಿಸಕ್ಕೆ ಹೇಳ್ಲಿಲ್ಲ. ಹಿಂದಿನ ಸಂಜೆ ಮುಚ್ಚಿದ್ದೇ ಕಣ್ಮುಂದೆ ಇತ್ತು, ನಾನೇ ಅಂದ್ಕೊಂಡೇ ಹೇಳಿದೆ. ಗೊತ್ತಿದ್ದಿದ್ರೆ ಎಲ್ಲರ ಮುಂದೆ 'ಇವಳು' ಅಂತಿದ್ದೆ. ಹಾಗಂದು ನಿನ್ನ ಪಕ್ಕದಲ್ಲೇ ನಿಂತಿರ್ತಿದ್ದೆ.

ಕಲ್ಲು ಎಳೆಯಕ್ಕೆ ಬರ್ಲಿಲ್ಲ, ಸರಿ. ಹೆದರಿ ಸುಳ್ಳು ಹೇಳಿದೆ, ಅದೂ ಸರಿ, ನಾನೂ ಚಿಕ್ಕವನಾಗಿದ್ದೆ. ಆ ಮುಳ್ಳು ಯಾಕೆ ಬರೆದೆ? ಎಷ್ಟು ದಿನ ಆ ಅಂಗಿ ತೋಳನ್ನ ಒಲೆ ಬೆಳಕಿಗೆ ಹಿಡಿದು ತೂತು ಹುಡುಕಿದೀನಿ ಗೊತ್ತಾ? ಒಂದು ಸಣ್ಣ ತೂತು ಸಿಕ್ಕಿತ್ತು ಕೂಡ. ಇದೇ ಅಂತ ಛೋರೋಲ್‌ಗೆ ತೋರಿಸಿದ್ದೆ.

ಕ್ಷಮಿಸಿದೀನಿ ಅಂತ ಬರೆಸಲ್ಲ. ಬಂದಾಗ ಬರತ್ತೆ. ಕಾಲೇಜು ಬಿಟ್ಟು ಓಡಿ ಬರೋ ಹುಚ್ಚು ಬೇಡ. ಓದು.

ಜೂನಲ್ಲಿ ದಾರಿ ತೆಗೀತಾರೆ, ಆಗ ಬಾ. ಊರಿಗೆ ತಪ್ಪು ಮಾಡಿದವರು ಏನು ಮಾಡ್ಬೇಕು ಅಂತ ನಿನಗೆ ಹಾಸ್ಟೆಲಲ್ಲಿ ಹೇಳಿರಲ್ಲ, ನಾನು ಹೇಳ್ತೀನಿ. ಬಿಳೀ ಖತಕ್ ವಸ್ತ್ರ ಕೈ ಮೇಲೆ ಹಾಕ್ಕೊಂಡು, ಛಂಗ್ ತುಂಬಿದ ತಂಬಿಗೆ ಹಿಡ್ಕೊಂಡು ಮನೆ ಮನೆಗೂ ಹೋಗ್ಬೇಕು. ಹನ್ನೊಂದು ಮನೆ. ಹೊಸ್ತಿಲ ಹೊರಗೆ ನಿಂತು ಬಾಯಿಬಿಟ್ಟು ಹೇಳ್ಬೇಕು, ಒಳಗಿನವರು ಖತಕ್ ತಗೊಳೋ ತನಕ ನಿಂತೇ ಇರ್ಬೇಕು. ಛೋರೋಲ್ ಬೇಕಂತಲೇ ಹೊತ್ತು ಮಾಡ್ತಾಳೆ, ಮಾಡ್ಲಿ.

ಚಿಕ್ಕವರು ಹೋಗುವಾಗ ಮನೆ ಹಿರಿಯರು ಜೊತೆಗೆ ಹೋಗೋದು ವಾಡಿಕೆ. ನಾನು ಬರಲ್ಲ. ಗೋಬಾನ ಕರ್ಕೋ. ಮೊದಲನೇ ಮನೆ ನಮ್ಮದು, ನಾನು ಒಳಗೆ ಕೂತಿರ್ಬೇಕು.

ಮೇಮೆ